ಕೈಗೆಟುಕದ ಆದರ್ಶ: ಕಿಟ್ಟೆಲರ ನಿದರ್ಶನ

ದೇವರಂತೆ ಪರಿಪೂರ್ಣರಾಗಬೇಕೆಂದು ಕ್ರಿಸ್ತನ ಪರ್ವತಪ್ರಸಂಗವು ವಿಧಿಸುತ್ತದೆ. ಮನುಷ್ಯನಿಗೆ ಇದು ಅಸಾಧ್ಯವೆಂಬುದನ್ನೇ ಲೂಥರನು ಕೃಪೆಯ ಅಗತ್ಯಕ್ಕೆ ಸಾಕ್ಷಿಯಾಗಿ ಎಣಿಸಿದನು. ಆತನ ಪರಂಪರೆಯಲ್ಲಿಯೇ ಬೆಳೆದ ಜರ್ಮನಿಯ ಭಕ್ತಿಪಂಥದವರಾದರೋ ದಿನನಿತ್ಯದ ಪ್ರಯತ್ನವನ್ನು ಬಿಡಲೊಲ್ಲದೆ ಹೋದರು.

ಈ ಪ್ರಯತ್ನದ ನಿದರ್ಶನವೊಂದನ್ನು ನಾವು ಕನ್ನಡನಾಡಿನಲ್ಲಿಯೇ ಕಾಣಬಹುದು. 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಇಲ್ಲಿಗೆ ಬಂದ ಫರ್ಡಿನೆಂಡ್ ಕಿಟ್ಟೆಲರು, ಸಂತ ಪೌಲನ ಬೋಧೆಯನ್ನು ಅಕ್ಷರಶಃ ಹಿಡಿದು, ಭಾರತೀಯರಿಗೆ ಭಾರತೀಯರೇ ಆಗಲು ಎಳಸಿದರು. ಅವರ ದಾರಿಗೆ ಅಡ್ಡ ಬಂದುದು ಸಂಕಲ್ಪದ ಕೊರತೆಯಲ್ಲ. ಮತಾಂತರ ಹೊಂದಿದವರು ಜಾತಿಯೊಡನೆ ಅನೇಕ ವೇಳೆ ಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಅವರ ಜೀವನೋಪಾಯಕ್ಕೆಂದು ಮಿಷನ್ನು ಮಗ್ಗಗಳನ್ನು ಹೂಡಿತು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆಯಿತು. ಸಹೋದರನೆಂದು ಕರೆದವನೇ ಕೂಲಿ ಕೊಡುವ ಒಡೆಯನೂ ಆದನು. ಯಾವನೊಬ್ಬನ ಸರಳ ಜೀವನದಿಂದಲೂ ಈ ಅಂತರವು ಅಳಿಯುವಂತಿರಲಿಲ್ಲ. ಇದನ್ನು ಬರಿಯ ಕಪಟವೆಂದು ತಳ್ಳಿಹಾಕುವುದು ಅವಸರದ ತೀರ್ಪೆಂದೇ ನಮ್ಮ ಅಭಿಪ್ರಾಯ. ಕಪಟಿಗೆ ಆದರ್ಶದ ಕಾಟವಿರುವುದಿಲ್ಲವಷ್ಟೆ!

ಕಿಟ್ಟೆಲರು ಈ ನಾಡಿನವರಿಗೆ ನಿಜವಾಗಿ ಸಮೀಪರಾದುದು ಭಾಷೆಯಲ್ಲಿ. ಸುಮಾರು 70,000 ಶಬ್ದಗಳ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಹಳೆಯ ಕಾವ್ಯಗಳ ಪದಗಳ ಪಕ್ಕದಲ್ಲಿಯೇ ಆಡುಮಾತಿಗೂ ಗಾದೆಗೂ ಅದರಲ್ಲಿ ಸ್ಥಾನವುಂಟು.