ನೆತ್ತಿಯ ಅಂಕಿ, ಮುಂದಲೆಯ ಖರ್ಚು

ಫಿನಾಸ್ಟರೈಡ್ 1 ಮಿ.ಗ್ರಾಂ. ಮಾತ್ರೆ ದಿನಕ್ಕೊಂದು, ಮಿನಾಕ್ಸಿಡಿಲ್ ಶೇ 5ರ ದ್ರಾವಣ ಬೆಳಿಗ್ಗೆ 1 ಮಿ.ಲೀ., ರಾತ್ರಿ 1 ಮಿ.ಲೀ. ಮುಂದಲೆ ಖಾಲಿಯಾಗುತ್ತಿದೆ ಎಂದು ಕುರುಗೋಡಿನಿಂದ ಬಳ್ಳಾರಿಯ ಚರ್ಮವೈದ್ಯರ ಬಳಿಗೆ ಹೋದವರ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ಇವೆರಡೇ. ಬೆಲೆ ಬ್ರ್ಯಾಂಡಿಗೊಂದು. ಲೆಕ್ಕಕ್ಕೆಂದು ಮಾತ್ರೆಗೆ ₹10, 60 ಮಿ.ಲೀ. ಬಾಟಲಿಗೆ ₹600 ಹಿಡಿಯೋಣ. ವರ್ಷಕ್ಕೆ 365 ಮಾತ್ರೆಗೆ ₹3,650, 730 ಮಿ.ಲೀ. ದ್ರಾವಣಕ್ಕೆ ₹7,300, ಒಟ್ಟು ₹10,950. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 2024-25ರಲ್ಲಿ ₹349 ಇದ್ದದ್ದು 2025-26ರಲ್ಲಿ ಶೇ 6 ಏರಿ ₹370 ಆಯಿತು. ಆ ದರದಲ್ಲಿ ಈ ಖರ್ಚು 29.6 ದಿನದ ದುಡಿಮೆ. ವೈದ್ಯರ ಫೀಸು, ಬಸ್ ಚಾರ್ಜು (ಉಚಿತ ಬಸ್ಸಿನ ಶಕ್ತಿ ಯೋಜನೆ ಗಂಡಸರಿಗಿಲ್ಲ), ತಪ್ಪಿದ ಒಂದು ದಿನದ ಕೂಲಿ ಇದರಲ್ಲಿ ಸೇರಿಲ್ಲ.

2025ರ ಸೆಪ್ಟೆಂಬರ್ 22ರಿಂದ ಔಷಧಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೆಯ ತೆರಿಗೆ ಸೇರಿ ₹600 ಇದ್ದ ಬಾಟಲಿ ಹೊಸ ದರದಲ್ಲಿ ₹562.50 ಆಗಬೇಕು. ಮೇಲಿನ ₹10,950 ಹಳೆಯ ತೆರಿಗೆಯ ಮೊತ್ತವಾದರೆ ಉಳಿತಾಯ ವರ್ಷಕ್ಕೆ ₹684, ಎರಡು ದಿನದ ಕೂಲಿಗೂ ಕಡಿಮೆ. ತಲೆಗೆ ಹಚ್ಚುವ ಎಣ್ಣೆ ಮತ್ತು ಶಾಂಪೂಗೆ ಅದೇ ದಿನ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಔಷಧಕ್ಕೆ 7 ಅಂಶ, ಎಣ್ಣೆಗೆ 13 ಅಂಶ.

ಬೆಂಗಳೂರಿನ ಚರ್ಮವೈದ್ಯ ಡಿ.ಎಸ್. ಕೃಪಾಶಂಕರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ, 1,005 ಜನರ ಅಧ್ಯಯನದಲ್ಲಿ 30ರಿಂದ 50ರ ವಯಸ್ಸಿನ ಗಂಡಸರಲ್ಲಿ ಶೇ 58 ಮಂದಿಗೆ ಆಂಡ್ರೋಜೆನೆಟಿಕ್ ಅಲೊಪೇಶಿಯಾ ಇತ್ತು. ವಂಶವಾಹಿ ಮತ್ತು ಪುರುಷ ಹಾರ್ಮೋನಿನಿಂದ ಮುಂದಲೆ, ನೆತ್ತಿಯ ಕೂದಲು ತೆಳುವಾಗುತ್ತಾ ಹೋಗುವ ಸ್ಥಿತಿಗೆ ಈ ಹೆಸರು. ಆ ವಯಸ್ಸಿನಲ್ಲಿ ಅದು ಇಲ್ಲದವರೇ ಕಡಿಮೆ ಎಂದಾಯಿತು.

ಬಳ್ಳಾರಿ ಕಡೆ ಕೂದಲು ಉದುರಿದರೆ ಮೊದಲ ದೂರು ಬೋರ್ ನೀರಿನ ಮೇಲೆ. ದೂರುವ ಮುನ್ನ ಒಂದು ಗುಣಾಕಾರ ಮಾಡಬಹುದು. ತಲೆಯಲ್ಲಿ ಸುಮಾರು 1,00,000 ಕೂದಲು. ಅದರಲ್ಲಿ ಶೇ 10ರಷ್ಟು, ಅಂದರೆ 10,000, ಯಾವಾಗಲೂ ಬೆಳವಣಿಗೆ ನಿಲ್ಲಿಸಿ ಉದುರಲು ಕಾದಿರುತ್ತವೆ. ಈ ವಿಶ್ರಾಂತಿಯ ಅವಧಿ ಸುಮಾರು 100 ದಿನ. ಹಾಗಾಗಿ ದಿನಕ್ಕೆ 100 ಕೂದಲು ಬಾಚಣಿಗೆಗೆ ಬಂದರೂ ಅದು ನಷ್ಟವಲ್ಲ, ವಾಡಿಕೆ. ಜೋರು ಜ್ವರ ಬಂದು ಹೋದ 2–3 ತಿಂಗಳಿಗೆ ಕಂತೆಗಟ್ಟಲೆ ಉದುರುವುದೂ ಬೇರೆ ಸಂಗತಿ; ಅದು ಬಹುತೇಕ ತಾನಾಗಿ ಸರಿಹೋಗುತ್ತದೆ. ಹಣೆಯ ಎರಡೂ ಮೂಲೆಯಿಂದ ಕೂದಲಿನ ಗೆರೆ ಮೇಲೇರುವುದು ಮಾತ್ರ ಹಾಗಲ್ಲ. ₹10,950ರ ಪ್ರಶ್ನೆ ಇರುವುದು ಆ ಗೆರೆಗೆ.

ಫಿನಾಸ್ಟರೈಡ್ ಪರವಾಗಿರುವ ದೊಡ್ಡ ಅಂಕಿ 83. ಅಮೆರಿಕದಲ್ಲಿ 1997ರ ಡಿಸೆಂಬರ್‌ನಲ್ಲಿ ಈ 1 ಮಿ.ಗ್ರಾಂ. ಮಾತ್ರೆಗೆ ಅನುಮತಿ ಸಿಕ್ಕಿತು. 18ರಿಂದ 41 ವರ್ಷದ 1,553 ಗಂಡಸರ ಮೇಲಿನ ಪ್ರಯೋಗಗಳಲ್ಲಿ ಎರಡು ವರ್ಷದ ಕೊನೆಗೆ, ಮಾತ್ರೆ ತಿಂದವರಲ್ಲಿ ಶೇ 83 ಮಂದಿಯ ಕೂದಲ ಎಣಿಕೆ ಕಡಿಮೆಯಾಗಿರಲಿಲ್ಲ. ಔಷಧವಿಲ್ಲದ ಹುಸಿ ಮಾತ್ರೆ ತಿಂದವರಲ್ಲಿ ಅದು ಶೇ 28. ಎಣಿಸಿದ್ದು ಒಂದು ಅಂಗುಲ ಅಗಲದ ವೃತ್ತದಲ್ಲಿ. ಆರಂಭದಲ್ಲಿ ಅಲ್ಲಿ ಸರಾಸರಿ 876 ಕೂದಲಿದ್ದವು. ಎರಡು ವರ್ಷಕ್ಕೆ ಎರಡು ಗುಂಪುಗಳ ನಡುವಿನ ಅಂತರ 138 ಕೂದಲು, ಅಂದರೆ ಆರಂಭದ ಎಣಿಕೆಯ ಶೇ 16.

ಆ ವೃತ್ತ ಇದ್ದದ್ದು ನೆತ್ತಿಯ ಮೇಲೆ. ಮುಂದಲೆಯ ನಡುಭಾಗಕ್ಕೆ 326 ಗಂಡಸರ ಮೇಲೆ ಬೇರೆ ಪ್ರಯೋಗ ನಡೆಯಿತು, ಅಲ್ಲೂ ಎಣಿಕೆ ಏರಿತು. ಆದರೆ ಹಣೆಯ ಎರಡು ಮೂಲೆಗಳ ಬಗ್ಗೆ, ಮೂಲ ಬ್ರ್ಯಾಂಡಿನ ಅಮೆರಿಕದ ಲೇಬಲ್ಲೇ ಪರಿಣಾಮ ಸಾಬೀತಾಗಿಲ್ಲ ಎನ್ನುತ್ತದೆ. ಕನ್ನಡಿ ಮುಂದೆ ನಿಂತವನು ನೋಡುವುದು ಮೂಲೆಯನ್ನು, 83 ಬಂದಿರುವುದು ನೆತ್ತಿಯಿಂದ. ಚೀಟಿ ಬರೆಯುವಾಗ ಈ ಒಂದು ವಾಕ್ಯವನ್ನು ಬಾಯಿಬಿಟ್ಟು ಹೇಳಿದರೆ ಹಲವರ ಲೆಕ್ಕ ಬದಲಾಗುತ್ತದೆ ಎಂಬುದು ನನ್ನ ಅನಿಸಿಕೆ.

ಖರ್ಚು ಉಳಿಸಲು ಪ್ರಾಸ್ಟೇಟ್ ಊತಕ್ಕೆ ಕೊಡುವ 5 ಮಿ.ಗ್ರಾಂ. ಮಾತ್ರೆಯನ್ನು ಬ್ಲೇಡಿನಿಂದ ನಾಲ್ಕು ಹೋಳು ಮಾಡುವವರಿದ್ದಾರೆ. ಪ್ರಮಾಣ ಹೆಚ್ಚಿಸಿದರೆ ಫಲ ಅಷ್ಟೇ ಹೆಚ್ಚುವುದಿಲ್ಲ: ಕೂದಲಿನ ಬುಡ ಕುಗ್ಗಿಸುವ ಡಿಎಚ್‌ಟಿ ಎಂಬ ಹಾರ್ಮೋನು ನೆತ್ತಿಯ ಚರ್ಮದಲ್ಲಿ 1 ಮಿ.ಗ್ರಾಂ.ಗೆ ಶೇ 64.1 ಇಳಿದರೆ, 5 ಮಿ.ಗ್ರಾಂ.ಗೆ ಶೇ 69.4. ಕಾಲುಭಾಗದ ಹೋಳಿನಲ್ಲಿ 1.25 ಮಿ.ಗ್ರಾಂ. ಇರುತ್ತದೆ, ಸಮನಾಗಿ ಕತ್ತರಿಸಿದ್ದರೆ. ಅಪಾಯವಿರುವುದು ಬ್ಲೇಡಿನ ಅಡಿಯ ಕಾಗದದ ಮೇಲೆ ಉಳಿಯುವ ಬಿಳಿ ಪುಡಿಯಲ್ಲಿ. ಗಂಡು ಭ್ರೂಣದ ಜನನಾಂಗದ ಬೆಳವಣಿಗೆಗೆ ತೊಂದರೆಯಾಗಬಹುದಾದ್ದರಿಂದ, ಒಡೆದ ಅಥವಾ ಪುಡಿಯಾದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು. ಕತ್ತರಿಸುವವನು ಗಂಡ, ಕಟ್ಟೆ ಒರೆಸುವವಳು ಹೆಂಡತಿ.

ಅಡ್ಡಪರಿಣಾಮದ ಭಯಕ್ಕೂ ಅಂಕಿಯಿದೆ. ಮೊದಲ ವರ್ಷದ ಪ್ರಯೋಗಗಳಲ್ಲಿ ಲೈಂಗಿಕ ತೊಂದರೆ ವರದಿಯಾದದ್ದು ಮಾತ್ರೆ ತಿಂದವರಲ್ಲಿ ಶೇ 3.8, ಹುಸಿ ಮಾತ್ರೆಯವರಲ್ಲಿ ಶೇ 2.1. ಅಂತರ 1.7, ನೂರಕ್ಕೆ ಇಬ್ಬರಿಗಿಂತ ಕಡಿಮೆ. ಮಾತ್ರೆ ಬಿಟ್ಟ ಮೇಲೂ ಕೆಲವರಲ್ಲಿ ತೊಂದರೆ ಮುಂದುವರಿದ ವರದಿಗಳು 2011–12ರಲ್ಲಿ ಅಮೆರಿಕದ ಲೇಬಲ್ ಸೇರಿದವು. 2025ರ ಮೇ ತಿಂಗಳಲ್ಲಿ ಯುರೋಪಿನ ಔಷಧ ಸಂಸ್ಥೆ ಆತ್ಮಹತ್ಯೆಯ ಆಲೋಚನೆಯನ್ನು ಅಡ್ಡಪರಿಣಾಮವೆಂದು ಖಚಿತಪಡಿಸಿತು: ಸುಮಾರು 27 ಕೋಟಿ ಬಳಕೆ-ವರ್ಷಗಳಿಗೆ 313 ಪ್ರಕರಣ. ಒಬ್ಬರು ಒಂದು ವರ್ಷ ಔಷಧ ತಿಂದರೆ ಒಂದು ಬಳಕೆ-ವರ್ಷ. 10 ಲಕ್ಷಕ್ಕೆ 1.2 ಬರುತ್ತದೆ, ಆದರೆ ಅದು ವರದಿಯಾದವುಗಳ ಎಣಿಕೆ ಮಾತ್ರ. ನಿಜವಾದ ಪ್ರಮಾಣ ತಿಳಿಯದು ಎಂದು ಸಂಸ್ಥೆಯೇ ಹೇಳಿದೆ. ಹೆಚ್ಚಿನ ಪ್ರಕರಣಗಳು 1 ಮಿ.ಗ್ರಾಂ. ತಿಂದವರವು, ಅಂದರೆ ಕೂದಲಿಗಾಗಿ ತಿಂದವರವು. ಮನಸ್ಸು ಕುಗ್ಗಿದರೆ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಿ ಎಂಬುದು ಸಂಸ್ಥೆಯ ಸೂಚನೆ.

ಕೂದಲಿಗಾಗಿ ತಿನ್ನುವ ಮಾತ್ರೆ ನಿಲ್ಲಿಸಿದರೆ, ಗಳಿಸಿದ್ದು 12 ತಿಂಗಳೊಳಗೆ ಹೋಗುತ್ತದೆ. ಆದ್ದರಿಂದ ₹10,950 ಒಂದೇ ವರ್ಷಕ್ಕೆ ಮುಗಿಯುವ ಬಿಲ್ಲಲ್ಲ. 25ಕ್ಕೆ ಶುರುಮಾಡಿ 45ರವರೆಗೆ ನಡೆಸಿದರೆ, ಬೆಲೆ ಏರದಿದ್ದರೂ, ₹2,19,000.

ಮೂಲೆ ತುಂಬಿಸಲು ಉಳಿಯುವುದು ಕೂದಲು ಕಸಿ. ವೈದ್ಯಕೀಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದ್ದರೂ, ಗಾಯ ಅಥವಾ ಹುಟ್ಟಿನ ದೋಷಕ್ಕಲ್ಲದ ಕಸಿಗೆ ಅದಿಲ್ಲ. ₹50,000ದ ಕಸಿಗೆ ಶೇ 18ರಂತೆ ₹9,000 ತೆರಿಗೆ. ಕಸಿ ಮಾಡಿದ ಕೂದಲಿನ ಹಿಂದೆ ಮೊದಲಿನಿಂದ ಇರುವ ಕೂದಲು ಉಳಿಯಲಿ ಎಂದು ವೈದ್ಯರು ಆಮೇಲೂ ಬರೆದುಕೊಡುವುದು ಅದೇ ಮಾತ್ರೆ, ಅದೇ ದ್ರಾವಣ.