ಹಳೆಯ ಗಾಜಿನ ಹುಟ್ಟೂರು ಹುಡುಕುವ ಬಗೆ

ಹಳೆಯ ಅಲಂಕಾರದ ಗಾಜಿನ ಪಾತ್ರೆ ಎಲ್ಲಿ, ಯಾವಾಗ, ಯಾರ ಕುಲುಮೆಯಲ್ಲಿ ಹುಟ್ಟಿತು ಎಂಬುದಕ್ಕೆ ನಾಲ್ಕು ಸಾಕ್ಷಿಗಳಿವೆ: ಗಾಜಿನ ಜಾತಿ, ಅದನ್ನು ರೂಪಿಸಿದ ವಿಧಾನ, ಮೈಮೇಲಿನ ವಿನ್ಯಾಸ, ತಯಾರಕರ ಗುರುತು. ಕೊಳ್ಳಲು ಬಂದವರು ಮೊದಲು ಹುಡುಕುವುದು ಗುರುತನ್ನು; ಬಲ್ಲವರು ಅದನ್ನು ಕೊನೆಗೆ ನೋಡುತ್ತಾರೆ. ಹಳೆಯ ಗಾಜಿನಲ್ಲಿ ಬಹುಪಾಲಿಗೆ ಗುರುತೇ ಇಲ್ಲ. ಇದ್ದರೂ ಅದನ್ನು ಆಮೇಲೆ ಯಾರೋ ಕೆತ್ತಿರಬಹುದು. ಗಾಜಿನ ಜಾತಿಯನ್ನಾಗಲಿ, ಅದು ಕುಲುಮೆಯಿಂದ ಹೊರಬಂದ ರೀತಿಯನ್ನಾಗಲಿ ಆಮೇಲೆ ಬದಲಿಸಲು ಬರುವುದಿಲ್ಲ.

ಈ ವಿದ್ಯೆಗೆ ಹೈದರಾಬಾದಿನಲ್ಲಿ ಎರಡು ಪಾಠಶಾಲೆಗಳಿವೆ. ಒಂದು, ಸನತ್‌ನಗರಕ್ಕೆ ಹೊಂದಿಕೊಂಡ ಎರ್ರಗಡ್ಡದ ಭಾನುವಾರದ ಸಂತೆ. ಉರ್ದುವಿನಲ್ಲಿ ‘ಸನಅತ್’ ಎಂದರೆ ಕೈಗಾರಿಕೆ. ನಿಜಾಮರ ಆಡಳಿತದಲ್ಲಿ ಕಾರ್ಖಾನೆಗಳಿಗಾಗಿ ಬೆಳೆದ ಬಡಾವಣೆಗೆ ಆ ಹೆಸರೇ ನಿಂತಿತು. 1942ರಲ್ಲಿ ಆರಂಭವಾದ ಆಲ್ವಿನ್ ಕಾರ್ಖಾನೆ ಇದ್ದದ್ದು ಇಲ್ಲಿಯೇ. ಪಕ್ಕದ ಸಂತೆಯಲ್ಲಿ ಹಳೆಯ ಯಂತ್ರದ ಬಿಡಿಭಾಗ, ಬಟ್ಟೆ, ಬೀರುಗಳ ನಡುವೆ ಮನೆ ಖಾಲಿ ಮಾಡಿದವರ ಶೋಕೇಸ್ ಸಾಮಾನುಗಳೂ ಬಂದು ಕೂರುತ್ತವೆ. ಎರಡನೆಯದು, ಮೂಸಿ ನದಿಯ ದಕ್ಷಿಣ ದಂಡೆಯಲ್ಲಿರುವ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ. ಸಂತೆಯಲ್ಲಿ ಅನುಮಾನ ಹುಟ್ಟಿಸಿದ ವಸ್ತುವನ್ನು ಖಚಿತವಾದ ಮಾದರಿಯೊಂದಿಗೆ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಜಾಗ ದಕ್ಷಿಣ ಭಾರತದಲ್ಲಿ ಸಿಗುವುದು ಕಷ್ಟ.

ಹಿಂದೆ ನಿಜಾಮರ ದಿವಾನರಾಗಿದ್ದ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ 1949ರಲ್ಲಿ ತೀರಿಕೊಂಡರು. ಅವರ ಮನೆತನ ಕೂಡಿಟ್ಟ ಸಂಗ್ರಹ 1951ರ ಡಿಸೆಂಬರ್ 16ರಂದು ಅವರ ಅರಮನೆ ದಿವಾನ್ ದೇವಡಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. 1968ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ವೆನಿಸ್, ಬೊಹೀಮಿಯಾ (ಇಂದಿನ ಚೆಕ್ ಗಣರಾಜ್ಯದ ಭಾಗ), ಫ್ರಾನ್ಸ್, ಇಂಗ್ಲೆಂಡ್, ಐರ್ಲೆಂಡ್‌ಗಳ ಗಾಜು ಅಲ್ಲಿದೆ. ಕನ್ನಡಿಗರಿಗೆ ಇದು ಪರರ ಸಿರಿಯಲ್ಲ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಆ ಸೀಮೆಯ ರೈತರು ಕಟ್ಟಿದ ಕಂದಾಯ ಸೇರುತ್ತಿದ್ದುದು ಈ ಮನೆತನದ ಖಜಾನೆಗೇ. 1949ರಲ್ಲಿ ಹೈದರಾಬಾದ್ ಸಂಸ್ಥಾನದ ಜಹಗೀರುಗಳು ರದ್ದಾದ ಮೇಲೆ ಅನೇಕ ದೇವಡಿಗಳ ಸಾಮಾನು ಹರಾಜಿಗೂ ಬಜಾರಿಗೂ ಇಳಿಯಿತು. ಯುರೋಪಿನ ಗಾಜು ಹೈದರಾಬಾದಿನ ಹಳೆಯ ಮಾಲಿನ ಅಂಗಡಿಗಳಲ್ಲಿ ಕಾಣಸಿಗುವುದಕ್ಕೆ ಅದೂ ಒಂದು ಕಾರಣ.

ಗಾಜಿನ ಜಾತಿ

ಕರಗಿಸಿದ ಮರಳಿಗೆ ಏನನ್ನು ಬೆರೆಸಿದರು ಎಂಬುದರ ಮೇಲೆ ಗಾಜಿನ ಗುಣ ನಿಲ್ಲುತ್ತದೆ. ವೆನಿಸ್ ನಗರ ಬೆಂಕಿಯ ಭಯದಿಂದ 1291ರಲ್ಲಿ ತನ್ನ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಸಾಗಿಸಿತು. ಅಲ್ಲಿಯದು ಸೋಡಾ ಗಾಜು: ಹಗುರ, ತೆಳು, ಬಿಸಿಯಲ್ಲಿ ಎಳೆದಂತೆ ಬರುವಂಥದ್ದು. ಬೊಹೀಮಿಯಾದವರು ಮರದ ಬೂದಿಯ ಪೊಟ್ಯಾಶ್ ಬೆರೆಸಿದರು. ಅದು ಗಟ್ಟಿ, ಕೆತ್ತನೆಗೆ ಹೇಳಿಮಾಡಿಸಿದ್ದು. ಇಂಗ್ಲೆಂಡಿನಲ್ಲಿ ಜಾರ್ಜ್ ರೇವನ್ಸ್‌ಕ್ರಾಫ್ಟ್ 1674ರಲ್ಲಿ ಪೇಟೆಂಟ್ ಪಡೆದು ಸೀಸ ಬೆರೆಸುವ ಗಾಜನ್ನು ಬೆಳೆಸಿದರು. ಸೀಸದ ಗಾಜು ಕೈಗೆ ಭಾರ. ಬಟ್ಟಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಗಂಟೆಯಂತೆ ದನಿ ಎಳೆಯುತ್ತದೆ. ಸಾಮಾನ್ಯ ಗಾಜು ‘ಟಕ್’ ಎಂದು ಸುಮ್ಮನಾಗುತ್ತದೆ.

ಕರ್ನಾಟಕದಲ್ಲಿಯೂ ಗಾಜಿನ ಕುಲುಮೆಗಳಿದ್ದವು. ಇಂದಿನ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಚೌಳು ಮಣ್ಣಿನ ಕ್ಷಾರದಿಂದ ಬಳೆಯ ಗಾಜು ಕಾಯಿಸುತ್ತಿದ್ದುದನ್ನು 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ.

ಬಣ್ಣವೂ ಸಾಕ್ಷಿ ನುಡಿಯುತ್ತದೆ. ಕೋಬಾಲ್ಟ್ ನೀಲಿ ಕೊಟ್ಟರೆ, ಚಿನ್ನದ ಲವಣ ಮಾಣಿಕ್ಯದ ಕೆಂಪು ಕೊಡುತ್ತದೆ. ಬೊಹೀಮಿಯಾದ ಫ್ರೀಡ್ರಿಕ್ ಎಗರ್‌ಮನ್ 1832ರ ಹೊತ್ತಿಗೆ ಅಗ್ಗದ ಉಪಾಯ ಕಂಡುಕೊಂಡರು: ಬಿಳಿ ಗಾಜಿನ ಮೈಗೆ ತೆಳುವಾಗಿ ಕೆಂಪು ಹಚ್ಚಿ ಸುಟ್ಟು, ಆಮೇಲೆ ಜಿಂಕೆ, ಕಾಡು, ಕೋಟೆಗಳನ್ನು ಕೆತ್ತುವುದು. ಕೆತ್ತಿದಲ್ಲಿ ಕೆಳಗಿನ ಬಿಳಿ ಕಾಣುತ್ತದೆ. ಆದ್ದರಿಂದ ಕೆಂಪು ಹೂಜಿ ಸಿಕ್ಕಾಗ ಅದರ ಅಂಚನ್ನು ಅಡ್ಡಲಾಗಿ ಬೆಳಕಿಗೆ ಹಿಡಿಯಬೇಕು. ಕೆಂಪು ಮೈತುಂಬ ಇದೆಯೋ, ಹೊರಪದರಕ್ಕಷ್ಟೇ ಇದೆಯೋ ಎಂಬುದು ತಿಳಿಯುತ್ತದೆ. 1830ರ ದಶಕದಲ್ಲಿ ಬೊಹೀಮಿಯಾದ ಯೋಸೆಫ್ ರೀಡಲ್ ಯುರೇನಿಯಂ ಬೆರೆಸಿ ತಯಾರಿಸಿದ ಹಳದಿ–ಹಸಿರು ಗಾಜನ್ನು ಪತ್ತೆ ಮಾಡುವುದು ಇನ್ನೂ ಸುಲಭ. ಖೋಟಾ ನೋಟು ನೋಡುವ ನೇರಳಾತೀತ ಟಾರ್ಚನ್ನು ಕತ್ತಲಲ್ಲಿ ಬಿಟ್ಟರೆ ಅದು ಎಳೆಹಸಿರಾಗಿ ಬೆಳಗುತ್ತದೆ.

ರೂಪಿಸಿದ ವಿಧಾನ

ಪಾತ್ರೆಯನ್ನು ಮಗುಚಿ ತಳ ನೋಡುವುದು ಎರಡನೆಯ ಹೆಜ್ಜೆ. ಊದಿದ ಪಾತ್ರೆಯ ಬಾಯಿಯನ್ನು ತಿದ್ದುವಾಗ ತಳಕ್ಕೆ ಕಬ್ಬಿಣದ ಸಲಾಕೆ ಅಂಟಿಸಿ ಹಿಡಿಯುತ್ತಿದ್ದರು. ಅದನ್ನು ಮುರಿದು ಬಿಡಿಸಿದ ಜಾಗದಲ್ಲಿ ಒರಟು ಕಲೆ ಉಳಿಯುತ್ತದೆ; ಉತ್ತಮ ಕುಲುಮೆಗಳವರು ಅದನ್ನು ಉಜ್ಜಿ ನುಣುಪಾದ ಕುಳಿ ಮಾಡುತ್ತಿದ್ದರು. ಅಚ್ಚಿನಲ್ಲಿ ಒತ್ತಿದ ಗಾಜಿಗೆ ಈ ಕಲೆ ಇಲ್ಲದಿರಬಹುದು, ಆದರೆ ಅಚ್ಚಿನ ಹೋಳುಗಳು ಕೂಡಿದಲ್ಲಿ ಉದ್ದಗೆರೆಗಳಿರುತ್ತವೆ. ಬಾಟಲಿಯ ಗೆರೆ ಬಾಯಂಚಿಗೆ ಮೊದಲೇ ನಿಂತಿದ್ದರೆ ಬಾಯಿಯನ್ನು ಕೈಯಿಂದ ತಿದ್ದಿದ್ದಾರೆಂದೂ, ಅಂಚನ್ನೂ ದಾಟಿ ಹೋಗಿದ್ದರೆ ಯಂತ್ರದ ಕೆಲಸವೆಂದೂ ಸಾಮಾನ್ಯವಾಗಿ ಹೇಳಬಹುದು.

ಸವೆತವನ್ನೂ ನೋಡಬೇಕು. ದಶಕಗಳ ಕಾಲ ಮೇಜಿನ ಮೇಲೆ ಸರಿದಾಡಿದ ಪಾತ್ರೆಯ ತಳದಲ್ಲಿ, ನೆಲಕ್ಕೆ ತಾಗುವ ಸುತ್ತಿನಲ್ಲಷ್ಟೇ, ದಿಕ್ಕುದೆಸೆಯಿಲ್ಲದ ಸಣ್ಣ ಗೀರುಗಳಿರುತ್ತವೆ. ಎಲ್ಲವೂ ಒಂದೇ ದಿಕ್ಕಿಗಿದ್ದರೆ, ಅಥವಾ ನೆಲ ತಾಗದ ಕುಳಿಯಲ್ಲೂ ಇದ್ದರೆ, ಮರಳುಕಾಗದದಿಂದ ಉಜ್ಜಿ ಹಳತು ಮಾಡಿದ್ದೆಂದು ಅನುಮಾನಿಸಬೇಕು.

ಮೈಮೇಲಿನ ವಿನ್ಯಾಸ

ಕಟ್ ಗ್ಲಾಸಿನ ವಜ್ರಾಕಾರದ ಚೌಕಳಿ, ಬೀಸಣಿಗೆ, ತಳದ ನಕ್ಷತ್ರ, ಉದ್ದ ಕೊಳವೆ ಪಟ್ಟಿಗಳು ಇಂಗ್ಲೆಂಡ್, ಐರ್ಲೆಂಡ್, ಬೊಹೀಮಿಯಾ ಮೂರೂ ಕಡೆ ಬಳಕೆಯಲ್ಲಿದ್ದವು. 1820ರ ದಶಕದಲ್ಲಿ ಅಮೆರಿಕದಲ್ಲಿ ಗಾಜು ಒತ್ತುವ ಯಂತ್ರ ಬಂದ ಮೇಲೆ ಅವೇ ವಿನ್ಯಾಸಗಳು ಅಗ್ಗದ ಅಚ್ಚಿಗೂ ಇಳಿದವು. ಎರಡನ್ನೂ ಬೇರ್ಪಡಿಸುವುದು ಬೆರಳ ತುದಿ. ಚಕ್ರದಲ್ಲಿ ಕಡಿದ ಏಣು ಚರ್ಮಕ್ಕೆ ಚುರುಕಾಗಿ ತಾಗುತ್ತದೆ. ಅಚ್ಚಿನ ಏಣು ಮೊಂಡು. ವಿನ್ಯಾಸವನ್ನು ಒಬ್ಬರಿಂದ ಒಬ್ಬರು ನಕಲು ಮಾಡುತ್ತಿದ್ದರು, ಕಾರ್ಖಾನೆ ಮುಚ್ಚಿದಾಗ ಅಚ್ಚುಗಳೇ ಮಾರಾಟವಾಗುತ್ತಿದ್ದವು. ಹಾಗಾಗಿ ವಿನ್ಯಾಸವೊಂದನ್ನೇ ನಂಬಿ ತಯಾರಕರ ಹೆಸರು ಹೇಳುವುದು ದುಡುಕು.

ಪನ್ನೀರುದಾನಿ, ಅತ್ತರದಾನಿ, ಹುಕ್ಕಾ ಬುರುಡೆಗಳ ವಿಷಯದಲ್ಲಿ ಈ ಎಚ್ಚರ ಹೆಚ್ಚು ಬೇಕು. ಆಕಾರ ಭಾರತದ್ದು ಎಂದ ಮಾತ್ರಕ್ಕೆ ಗಾಜು ಭಾರತದ್ದಾಗುವುದಿಲ್ಲ. ಬೊಹೀಮಿಯಾ ಮತ್ತು ಇಂಗ್ಲೆಂಡಿನ ಕುಲುಮೆಗಳು ಇಲ್ಲಿಯ ಗಿರಾಕಿಗಳಿಗಾಗಿಯೇ ಇವನ್ನು ತಯಾರಿಸುತ್ತಿದ್ದವು. ಅರಮನೆಗಳಿಗೆ ಗೊಂಚಲು ದೀಪ, ಗಾಜಿನ ಪೀಠೋಪಕರಣ ಒದಗಿಸಿದ ಬರ್ಮಿಂಗ್‌ಹ್ಯಾಮಿನ ಆಸ್ಲರ್ ಸಂಸ್ಥೆ 1840ರ ದಶಕದಲ್ಲೇ ಕಲ್ಕತ್ತೆಯಲ್ಲಿ ಮಳಿಗೆ ತೆರೆದಿತ್ತು.

ತಯಾರಕರ ಗುರುತು

ಇಂಗ್ಲೆಂಡಿನ ಒತ್ತುಗಾಜಿನ ಒಳತಳದಲ್ಲೋ ಹೊರತಳದಲ್ಲೋ ಉಬ್ಬಿದ ಗುರುತು ಸಿಗಬಹುದು. ವಜ್ರಾಕಾರದ ಚಿಹ್ನೆ 1842ರಿಂದ 1883ರವರೆಗಿನ ವಿನ್ಯಾಸ ನೋಂದಣಿಯದು. ಅದರ ನೆತ್ತಿಯ ವೃತ್ತದಲ್ಲಿ ರೋಮನ್ ಅಂಕಿಯ ಮೂರು ಇದ್ದರೆ ಗಾಜಿನ ವರ್ಗ ಎಂದರ್ಥ. 1884ರಿಂದ ‘ಆರ್‌ಡಿ’ ಅಕ್ಷರಗಳ ಮುಂದೆ ಒಂದರಿಂದ ಎಣಿಕೆ ಶುರುವಾಯಿತು; 1900ರ ಆರಂಭಕ್ಕೆ ಅದು ಮೂರೂವರೆ ಲಕ್ಷ ದಾಟಿತ್ತು. ಈ ಸಂಖ್ಯೆ ಹೇಳುವುದು ವಿನ್ಯಾಸ ನೋಂದಾಯಿಸಿದ ಕಾಲವನ್ನು. ಪಾತ್ರೆ ಅದಕ್ಕಿಂತ ಎಷ್ಟೋ ವರ್ಷ ಈಚಿನದಿರಬಹುದು. ಗೇಟ್ಸ್‌ಹೆಡ್‌ನ ಸವರ್ಬಿ ಕಾರ್ಖಾನೆಯ ಗುರುತು ನವಿಲಿನ ತಲೆ.

ಫ್ರಾನ್ಸಿನವರು ಸಹಿ ಹಾಕಿದರು. ‘ಆರ್. ಲಾಲಿಕ್’ ಎಂದಿದ್ದರೆ ಸಾಮಾನ್ಯವಾಗಿ ರೆನೆ ಲಾಲಿಕ್ ಬದುಕಿದ್ದ 1945ರವರೆಗಿನ ಕಾಲದ್ದು. ಆಮೇಲೆ ಮೊದಲಕ್ಷರ ಬಿಟ್ಟುಹೋಯಿತು. ಎಮಿಲ್ ಗಾಲೆ 1904ರಲ್ಲಿ ತೀರಿಕೊಂಡ ಬಳಿಕ ಕೆಲವು ಕಾಲ ಅವರ ಹೆಸರಿನ ಪಕ್ಕದಲ್ಲಿ ನಕ್ಷತ್ರ ಸೇರಿತು. ಬಕಾರಾ ಕಾರ್ಖಾನೆ ಎಲ್ಲ ಪಾತ್ರೆಗಳಿಗೂ ಆಮ್ಲದಿಂದ ಮುದ್ರೆ ಹಾಕತೊಡಗಿದ್ದು 1936ರಿಂದ. ಅದಕ್ಕೆ ಹಿಂದಿನ ಎಷ್ಟೋ ಪಾತ್ರೆಗಳ ಕಾಗದದ ಚೀಟಿ ತೊಳೆದುಹೋಗಿದೆ.

ಸಂತೆಯಲ್ಲಿ ಕಣ್ಣು ತಪ್ಪಿಸಿಕೊಳ್ಳುವುದು ನಮ್ಮ ದೇಶದ ಗಾಜು. ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್ ಕಿತ್ತಳೆ ಬಣ್ಣದ, ಕಾಮನಬಿಲ್ಲಿನ ಹೊಳಪಿನ ಲೋಟ, ಹೂದಾನಿಗಳನ್ನು ಮಾಡಿತು. ಮೀನಿನ ಆಕಾರದ, ಹೂದಾನಿ ಹಿಡಿದ ಕೈಯ ಆಕಾರದ ಮಾದರಿಗಳನ್ನು ಇಂದು ಹೊರದೇಶದ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಕೆಲವು ಲೋಟಗಳ ತಳದಲ್ಲಿ ‘ಜೈನ್’ ಎಂಬ ಇಂಗ್ಲಿಷ್ ಅಕ್ಷರಗಳು ಉಬ್ಬಿರುತ್ತವೆ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿಯೂ ಕಾರ್ಖಾನೆ ನಡೆಸಿದ ಅಲೆಂಬಿಕ್ ಕಂಪನಿಯ ‘ಯೆರಾ’ ಲೋಟಗಳು ಒಂದು ಕಾಲದಲ್ಲಿ ಅನೇಕ ಮಧ್ಯಮವರ್ಗದ ಮನೆಗಳಲ್ಲಿದ್ದವು. ಇವುಗಳ ವಿನ್ಯಾಸಗಳ ಪಟ್ಟಿಯನ್ನು ಒಟ್ಟು ಮಾಡುವ ಕೆಲಸ ಇನ್ನೂ ಬಹಳಷ್ಟು ಬಾಕಿಯಿದೆ. ಮನೆಯ ಕಪಾಟಿನಲ್ಲಿರುವ ಒಂದೊಂದು ಲೋಟವೂ ಅದಕ್ಕೆ ಆಧಾರವಾಗಬಲ್ಲದು.

ನಾಲ್ಕು ಸಾಕ್ಷಿಗಳೂ ಒಂದೇ ಮಾತು ಹೇಳಿದಾಗ ಮಾತ್ರ ಹೆಸರು ಖಚಿತ. ಮೂರು ಕೂಡಿ ನಾಲ್ಕನೆಯದು ಇಲ್ಲವಾದರೆ ‘ಇಂಥ ಕಡೆಯದು, ಇಂಥ ಕಾಲದ್ದು’ ಎಂದಷ್ಟೇ ಬರೆದಿಡಬೇಕು. ಎತ್ತರ, ತೂಕ, ತಳದ ಚಿತ್ರ, ಯಾವ ಊರಿನ ಯಾವ ಮನೆಯಿಂದ ಬಂದದ್ದು ಎಂಬ ವಿವರಗಳನ್ನು ಚೀಟಿಯಲ್ಲಿ ಬರೆದು ಪಾತ್ರೆಯ ಜೊತೆಗೇ ಇಡುವುದು ಒಳ್ಳೆಯ ಪದ್ಧತಿ. ಗುರುತಿಲ್ಲದ ಗಾಜಿಗೆ ಮುಂದಿನವರ ಪಾಲಿಗೆ ಆ ಚೀಟಿಯೇ ಐದನೆಯ ಸಾಕ್ಷಿ.