ಗಿಡ ಕೀಳೋದು ಗಳಿಗೆ ಹೊತ್ತು, ಉಳಿಸೋದು ಮೂರು ಬ್ಯಾಸಿಗಿ!

ಹಚ್ಚೊಳ್ಳಿ: ಸಿರುಗುಪ್ಪ ಬಸ್ಸಿಗೆ ಕಾಯುವವನಿಗೆ ಮೊದಲು ಬೇಕಾದದ್ದು ಸೀಟಲ್ಲ, ನೆರಳು. ಬಳ್ಳಾರಿ ಸೀಮೆಯ ಬಿಸಿಲು ಎಂಥದ್ದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನ ಕೆಳಗೆ ನಿಂತವನು ಬೇಯುತ್ತಾನೆ, ಬೇವಿನ ಮರದ ಕೆಳಗೆ ನಿಂತವನು ಬದುಕುತ್ತಾನೆ. ಅಂಗಡಿಯವರ ಲೆಕ್ಕವೂ ಅದೇ. ಮರ ಇದ್ದ ಕಡೆ ಜನ ನಿಲ್ಲುತ್ತಾರೆ, ಜನ ನಿಂತ ಕಡೆ ವ್ಯಾಪಾರ.

ಆದರೆ ರಸ್ತೆ ಅಗಲ ಆಗ್ತದಂತೆ ಎಂಬ ಸುದ್ದಿ ಯಾವ ಊರಿಗೆ ಬಂದರೂ ಮೊದಲ ಪೆಟ್ಟು ಬೀಳುವುದು ಈ ಮರಕ್ಕೇ. ಇದೇ ಮಾತು ಮೊನ್ನೆ ಚಹಾದಂಗಡಿಯ ಮುಂದೆ ಎದ್ದಿತು. ಹುಡುಗನೊಬ್ಬ ಜೇಬಿನಿಂದ ಮೊಬೈಲು ತೆಗೆದು ಎಲ್ಲರಿಗೂ ಒಂದು ವಿಡಿಯೋ ತೋರಿಸಿದ. ಯಾವುದೋ ಪರದೇಶದ್ದು. ಟ್ರ್ಯಾಕ್ಟರಿನ ಹಿಂದೆ ಕಬ್ಬಿಣದ ದೊಡ್ಡ ಪಂಜ. ಅದು ಮರವನ್ನು ಸುತ್ತಲೂ ಹಿಡಿದು, ಮಣ್ಣು ಸಮೇತ ಎತ್ತಿ, ಇನ್ನೊಂದು ಗುಂಡಿಗೆ ಇಳಿಸಿಬಿಟ್ಟಿತು. ಎಲ್ಲಾ ಐದಾರು ನಿಮಿಷದ ಆಟ.

"ನೋಡ್ರಿ, ಬದನಿ ಸಸಿ ಕಿತ್ತಂಗ ಕಿತ್ತುಬಿಟ್ಟ! ಇನ್ನ ಮರ ಕಡಿಯೋ ಮಾತೇ ಇಲ್ಲ" ಎಂದ ಹುಡುಗ.

ಬೆಂಚಿನ ಮೇಲೆ ಕೂತ ಹಿರಿಯರೊಬ್ಬರು ಬೀಡಿ ಆರಿಸಿ ಒಂದೇ ಪ್ರಶ್ನೆ ಕೇಳಿದರು: "ಕಿತ್ತಿದ್ದು ಖರೆ ಐತಿ ತಮ್ಮಾ. ಮುಂದಿನ ಯುಗಾದಿಗೆ ಆ ಗಿಡ ಚಿಗಿತೈತೇನು? ಅದನ್ನ ತೋರ್ಸು."

ವಿಡಿಯೋದಲ್ಲಿ ಅದು ಇರಲಿಲ್ಲ. ಈ ವಾರದ ನಮ್ಮ ಬರಹ ಅಜ್ಜನ ಆ ಪ್ರಶ್ನೆಯ ಹಿಂದೆ ಹೊರಟಿದೆ.

ಪಂಜದ ಒಳಗುಟ್ಟು

ಈ ಯಂತ್ರಕ್ಕೆ ಟ್ರೀ ಸ್ಪೇಡ್ ಎನ್ನುತ್ತಾರೆ. ಸ್ಪೇಡ್ ಎಂದರೆ ನಮ್ಮ ಸಲಿಕೆಯೇ. ಒಂದು ಸಲಿಕೆಯ ಬದಲು ಬಾಗಿದ ಉಕ್ಕಿನ ಮೂರು ಅಥವಾ ನಾಲ್ಕು ಸಲಿಕೆಗಳು ಒಂದು ಬಳೆಯಂಥ ಚೌಕಟ್ಟಿನಲ್ಲಿ ನಿಂತಿರುತ್ತವೆ. ಚೌಕಟ್ಟು ಗೇಟಿನಂತೆ ತೆರೆಯುತ್ತದೆ, ಮರದ ಬುಡ ಒಳಗೆ ಬಂದ ಮೇಲೆ ಮುಚ್ಚುತ್ತದೆ. ಆಮೇಲೆ ಹೈಡ್ರಾಲಿಕ್ ಒತ್ತಡಕ್ಕೆ ಸಲಿಕೆಗಳು ಒಂದಾದ ಮೇಲೊಂದು ಓರೆಯಾಗಿ ನೆಲಕ್ಕೆ ಇಳಿಯುತ್ತವೆ. ಎಲ್ಲದರ ತುದಿ ಕೆಳಗೆ ಸೇರಿದಾಗ ಬೇರು, ಮಣ್ಣು ಎರಡೂ ಬುಗುರಿಯ ಆಕಾರದಲ್ಲಿ ಸಿಕ್ಕಿಬೀಳುತ್ತವೆ. ನಾವು ಅದನ್ನು ಬೇರಿನ ಉಂಡೆ ಎನ್ನೋಣ. ಮರ ಎಲ್ಲಿಗೆ ಹೋಗಬೇಕೋ ಅಲ್ಲಿ ಅದೇ ಯಂತ್ರದಿಂದ ಮೊದಲೇ ಗುಂಡಿ ತೋಡಿಟ್ಟಿರುತ್ತಾರೆ. ಹಾಗಾಗಿ ಉಂಡೆ ಅಲ್ಲಿ ಸರಿಯಾಗಿ ಕೂರುತ್ತದೆ.

ಚಿಕ್ಕವು ಟ್ರ್ಯಾಕ್ಟರಿನ ಹಿಂದೆ ನೇಗಿಲು ಕಟ್ಟುವ ಜಾಗಕ್ಕೇ ಕೂರುತ್ತವೆ. ದೊಡ್ಡವಕ್ಕೆ ಲಾರಿಯೇ ಬೇಕು. ಇದರಲ್ಲಿ ಜಾದೂ ಏನೂ ಇಲ್ಲ. ಹತ್ತು ಆಳು ಗುದ್ದಲಿ ಹಿಡಿದು ಒಂದು ದಿನ ಮಾಡುವ ಕೆಲಸವನ್ನು ಯಂತ್ರ ನಿಮಿಷಗಳಲ್ಲಿ ಮಾಡುತ್ತದೆ, ಅಷ್ಟೆ.

ಗೇಣಿನ ಲೆಕ್ಕ

ಹಾಗಾದರೆ ನಮ್ಮ ಟ್ರ್ಯಾಕ್ಟರ್ ಎಷ್ಟು ದೊಡ್ಡ ಮರ ಎತ್ತೀತು? ಇಲ್ಲಿ ಒಂದು ಲೆಕ್ಕ ಇದೆ. ಕಾಂಡ ಒಂದು ಇಂಚು ದಪ್ಪ ಇದ್ದರೆ ಬೇರಿನ ಉಂಡೆ ಹತ್ತರಿಂದ ಹನ್ನೆರಡು ಇಂಚು ಅಗಲ ಇರಬೇಕು. ಇದು ತೋಟಗಾರಿಕೆಯವರು ಲೋಕವೆಲ್ಲಾ ಹಿಡಿದು ನಡೆಯುವ ಅಂದಾಜು.

ಇದನ್ನು ನಮ್ಮ ಗೇಣಿಗೆ ತನ್ನಿ. ಬುಡದ ಹತ್ತಿರ ಸುತ್ತಳತೆ ಒಂದು ಗೇಣು, ಅಂದರೆ ಒಂಬತ್ತು ಇಂಚು ಇದ್ದರೆ ಕಾಂಡದ ದಪ್ಪ ಮೂರು ಇಂಚು. ಉಂಡೆ ಎರಡೂವರೆಯಿಂದ ಮೂರು ಅಡಿ ಬೇಕು. ಅದರ ತೂಕ ನಾಲ್ಕೈದು ಕ್ವಿಂಟಾಲ್, ಹೆಚ್ಚುಕಡಿಮೆ ಆರು ಚೀಲ ಭತ್ತ ಅನ್ನಿ. ಯಂತ್ರದ ತೂಕವೂ ಕೆಲವು ಕ್ವಿಂಟಾಲ್. ಕೇಜ್‌ವೀಲ್ ಹಾಕಿಕೊಂಡು ನಮ್ಮ ಗದ್ದೆಯಲ್ಲಿ ಕೆಸರು ಕಲಸುವ ಸಾಧಾರಣ ಟ್ರ್ಯಾಕ್ಟರ್ ಇಷ್ಟನ್ನು ಎತ್ತಬಲ್ಲದು.

ಸುತ್ತಳತೆ ಎರಡು ಗೇಣು ಆಯಿತೋ, ಉಂಡೆ ಐದಾರು ಅಡಿಗೆ ಹೋಗುತ್ತದೆ, ತೂಕ ಎರಡು ಟನ್ನಿನ ಹತ್ತಿರ ಬರುತ್ತದೆ. ಗಮನಿಸಿ, ಮರ ದಪ್ಪವಾದದ್ದು ಎರಡು ಪಟ್ಟು, ತೂಕ ಏರಿದ್ದು ನಾಲ್ಕೈದು ಪಟ್ಟು. ಟ್ರ್ಯಾಕ್ಟರಿನ ಮುಂದಿನ ಗಾಲಿ ಮೇಲೆದ್ದು ನಿಲ್ಲುತ್ತದೆ!

ಇನ್ನು ಎಂಟಡಿ ಸುತ್ತಳತೆಯ ಹಳೇ ಬೇವಿಗೆ ಇದೇ ಲೆಕ್ಕ ಹಾಕಿದರೆ ಉಂಡೆ 25 ಅಡಿ ದಾಟುತ್ತದೆ. ಅಷ್ಟನ್ನು ಎತ್ತುವವರಾರು? ಅಂಥ ಮರಗಳನ್ನು ಸಾಗಿಸುವಾಗ ಕೊಂಬೆಯೆಲ್ಲಾ ಕಡಿದು, ಇದ್ದಷ್ಟೇ ಬೇರು ಉಳಿಸಿಕೊಂಡು, ಕ್ರೇನಿನಿಂದ ಎತ್ತುತ್ತಾರೆ. ಆಮೇಲೆ ಉಳಿದರೆ ಪುಣ್ಯ.

ಜಾತಿ ನೋಡಿಯೂ ಫಲ ಬೇರೆ. ಆಲ, ಅರಳಿ, ಬಸರಿಯಂಥ ಹಾಲುಮರಗಳು ಗಟ್ಟಿ ಜೀವ, ಕೊಂಬೆ ಊರಿದರೂ ಚಿಗುರುತ್ತವೆ. ತೆಂಗಿಗೆ ತಾಯಿಬೇರಿನ ಗೊಡವೆಯೇ ಇಲ್ಲ, ನಾರುಬೇರು, ಅದು ಹೊಸ ಬೇರು ಬಿಡುತ್ತದೆ. ಆದರೆ ಬಲಿತ ಬೇವು, ಹುಣಸೆ, ಜಾಲಿ ಹಾಗಲ್ಲ. ತಾಯಿಬೇರು ಆಳಕ್ಕೆ ಹೋಗಿರುತ್ತದೆ. ಅದು ತುಂಡಾಯಿತೆಂದರೆ ಕಷ್ಟ.

ಕರಿಮಣ್ಣಿನ ತಕರಾರು

ಪರದೇಶದ ವಿಡಿಯೋದಲ್ಲಿ ಕಾಣುವುದು ಮೆತ್ತನೆಯ ಮಣ್ಣು. ಹಚ್ಚೊಳ್ಳಿ, ಕರೂರು ಕಡೆಯದು ಎರೆನೆಲ. ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರುಕು, ಮಳೆಯಲ್ಲಿ ಚಪ್ಪಲಿ ಕಿತ್ತುಕೊಳ್ಳುವಷ್ಟು ಅಂಟು. ಒಣಗಿದಾಗ ಯಂತ್ರ ಹಾಕಿದರೆ ಉಂಡೆ ಹೆಂಟೆ ಹೆಂಟೆಯಾಗಿ ಉದುರಿ ಬೇರು ಬೆತ್ತಲಾಗುತ್ತದೆ. ಪೂರ್ತಿ ನೆಂದಾಗ ಹಾಕಿದರೆ ಸಲಿಕೆ ಉಜ್ಜಿ ಗುಂಡಿಯ ಗೋಡೆ ಗಾರೆ ಬಳಿದಂತೆ ನುಣುಪಾಗುತ್ತದೆ. ಎಳೇ ಬೇರು ಆ ಗೋಡೆ ಒಡೆದು ಹೋಗಲಾರದೆ ಕುಂಡದಲ್ಲಿ ಇಟ್ಟಂತೆ ಸುತ್ತಿಕೊಂಡೇ ಉಳಿಯುತ್ತದೆ. ಮೇಲಾಗಿ ಆ ಗುಂಡಿ ಬಾನಿಯಂತೆ ನೀರು ಹಿಡಿದು ಬೇರು ಕೊಳೆಸುತ್ತದೆ. ಕಾಲುವೆ ಬಗಲಲ್ಲಿ ಈ ತೊಂದರೆ ಇನ್ನೂ ಜಾಸ್ತಿ.

ಆದ್ದರಿಂದ ಬಿತ್ತನೆಗೆ ಹದ ನೋಡಿದಂತೆ ಇದಕ್ಕೂ ಹದ ನೋಡಬೇಕು. ಹಿಡಿ ಮಣ್ಣು ಒತ್ತಿದರೆ ಉಂಡೆ ಕಟ್ಟಬೇಕು, ಬೆರಳಿಗೆ ಮೆತ್ತಬಾರದು. ಗುಂಡಿಯ ಗೋಡೆಯನ್ನು ಹಾರೆಯಿಂದ ಕೆದರಿ ಒರಟು ಮಾಡಬೇಕು. ಬುಡ ಮೊದಲು ಇದ್ದ ಮಟ್ಟಕ್ಕಿಂತ ಕೆಳಗೆ ಹೋಗಬಾರದು. ಮಳೆಗಾಲದ ಮೊದಲ ಹದಕ್ಕೆ ಮಾಡಿದರೆ ಬೇಸಿಗೆ ಬರುವುದರೊಳಗೆ ಬೇರಿಗೆ ಏಳೆಂಟು ತಿಂಗಳು ಸಿಗುತ್ತದೆ.

ಮೂರು ತಿಂಗಳ ಹಸಿರು

ನಮ್ಮ ಕಡೆ ಇಂಥ ಕೆಲಸಕ್ಕೆ ಜನ ಕರೆಯುವುದು ಜೆಸಿಬಿಯನ್ನು. ಪರಿಚಯದ ರೈತರೊಬ್ಬರು ಮನೆ ಕಟ್ಟಿಸುವಾಗ ಅಡ್ಡಬಂದ ಎಳೆ ಬೇವನ್ನು ಜೆಸಿಬಿಯಿಂದ ಎತ್ತಿಸಿ ಹೊಲದ ಬದುವಿಗೆ ನೆಡಿಸಿದರು. ಮೂರು ತಿಂಗಳು ಹಸಿರಾಗೇ ಇತ್ತು. "ಹತ್ತಿಬಿಡ್ತು" ಎಂದು ಎಲ್ಲರೂ ಖುಷಿಪಟ್ಟರು, ನೀರು ಹಾಕುವುದು ನಿಂತಿತು. ಶಿವರಾತ್ರಿ ಹೊತ್ತಿಗೆ ಎಲೆ ಉದುರಿತು. ಬೇವು ಉದುರೋ ಕಾಲವೇ ಅದು ಎಂದುಕೊಂಡರು. ಯುಗಾದಿಗೆ ಚಿಗುರಲೇ ಇಲ್ಲ. ಕೊನೆಗೆ ಒಲೆಗೆ ಹೋಯಿತು.

ತಪ್ಪೆಲ್ಲಿ? ಜೆಸಿಬಿ ಬಕೆಟ್ಟು ಬೇರನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಹರಿದ ಗಾಯ ಬೇಗ ಮಾಯುವುದಿಲ್ಲ. ಆದರೆ ಚೂಪು ಸಲಿಕೆಯ ಯಂತ್ರವಾದರೂ ಮರದ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಬೇರು ಹಳೇ ಜಾಗದಲ್ಲೇ ಉಳಿದುಬಿಡುತ್ತದೆ. ಯಾಕೆಂದರೆ ಬೇರು ಕೊಂಬೆಯ ನೆರಳು ದಾಟಿ ದೂರ ದೂರ ಹರಡಿರುತ್ತದೆ. ಮರದ ಮೈಯಲ್ಲಿ ಕೂಡಿಟ್ಟ ಸತ್ವದಿಂದ ಕೆಲವು ತಿಂಗಳು ಎಲೆ ಹಸಿರಾಗಿರುತ್ತದೆ. ಗಂಟು ಕರಗಿದ ಮೇಲೆ ನಿಜ ಸ್ಥಿತಿ ಹೊರಗೆ ಬರುತ್ತದೆ. ಉಳಿತಾಯ ತಿಂದುಕೊಂಡು ಬಾಗಿಲು ತೆರೆದಿಟ್ಟ ಅಂಗಡಿಯಂತೆ!

ಬಲ್ಲವರು ಅದಕ್ಕೇ ಮೊದಲೇ ತಯಾರಿ ಮಾಡುತ್ತಾರೆ. ಕೀಳುವುದಕ್ಕೆ ಕೆಲವು ತಿಂಗಳು ಮುಂಚೆ ಬುಡದ ಸುತ್ತ ಅರ್ಧ ಭಾಗ ಕಾಲುವೆ ತೋಡಿ, ಬೇರು ನೀಟಾಗಿ ಕತ್ತರಿಸಿ, ಗೊಬ್ಬರ ಮಣ್ಣು ತುಂಬಿ ಬಿಡುತ್ತಾರೆ. ಸ್ವಲ್ಪ ದಿನದ ಮೇಲೆ ಉಳಿದರ್ಧ. ಆಗ ಉಂಡೆಯೊಳಗೇ ಸಣ್ಣ ಬೇರು ಹುಟ್ಟುತ್ತದೆ. ಸಾಗಿಸುವಾಗ ಉಂಡೆಗೆ ಗೋಣಿತಟ್ಟು ಸುತ್ತಿ ಹಗ್ಗ ಬಿಗಿಯುತ್ತಾರೆ.

ದೊಡ್ಡೂರುಗಳ ಪಾಠ

ದುಡ್ಡಿದ್ದವರ ಊರಲ್ಲಿ ಏನಾಯಿತು ನೋಡೋಣ. ದೆಹಲಿ ಸರ್ಕಾರ 2020ರಲ್ಲಿ ಮರ ಸ್ಥಳಾಂತರಕ್ಕೆ ಒಂದು ನೀತಿಯನ್ನೇ ತಂದಿತು. ಕಾಮಗಾರಿಗೆ ಅಡ್ಡ ಬರುವ ಮರಗಳಲ್ಲಿ ನೂರಕ್ಕೆ 80 ಸ್ಥಳಾಂತರ ಮಾಡಬೇಕು, ಸ್ಥಳಾಂತರಿಸಿದ್ದರಲ್ಲಿ ನೂರಕ್ಕೆ 80 ಬದುಕಬೇಕು ಎಂದು. 2022ರಲ್ಲಿ ಅದೇ ಸರ್ಕಾರ ಹೈಕೋರ್ಟಿಗೆ ಕೊಟ್ಟ ಲೆಕ್ಕ: ಸ್ಥಳಾಂತರಿಸಿದ್ದು 16,461 ಮರ, ಬದುಕಿದ್ದು 5,487. ಮೂರಕ್ಕೆ ಒಂದು! ಬಿದ್ದ ಎರಡಕ್ಕೆ ಕಡಿದ ಲೆಕ್ಕವೂ ಇಲ್ಲ, ಉಳಿದ ಲೆಕ್ಕವೂ ಇಲ್ಲ.

ಬೆಂಗಳೂರಿನಲ್ಲಿ ಮೆಟ್ರೋ ಕಾಮಗಾರಿಗೆ ಮರ ಕಡಿಯುವ ವಿಚಾರ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ, ಯಾವುದನ್ನು ಉಳಿಸಬಹುದು, ಯಾವುದನ್ನು ಸಾಗಿಸಬಹುದು ಎಂದು ಮರಮರವನ್ನೂ ನೋಡಿ ಹೇಳಲು ತಜ್ಞರ ಸಮಿತಿ ಬಂತು. ನಮಗೆ ಇನ್ನೂ ಹತ್ತಿರದ್ದು ಹೈದರಾಬಾದಿನಿಂದ ವಿಜಯಪುರಕ್ಕೆ ಬರುವ ಹೆದ್ದಾರಿ. ಅದರಲ್ಲಿ ಚೇವೆಳ್ಳದ ಆಸುಪಾಸು ಸುಮಾರು 900 ಆಲದ ಮರಗಳಿವೆ. ರಸ್ತೆ ಅಗಲ ಮಾಡುವ ವಿಷಯಕ್ಕೆ ಅಲ್ಲಿನ ಜನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿವರೆಗೂ ಹೋದರು. ಅವರ ಮೊದಲ ಮಾತು "ಕಿತ್ತು ಬೇರೆ ಕಡೆ ನೆಡಿ" ಎಂದಲ್ಲ, "ಮರ ಇದ್ದಲ್ಲೇ ಇರಲಿ, ರಸ್ತೆ ಸ್ವಲ್ಪ ಸರಿಯಲಿ" ಎಂದು.

ಸಾಲುಮರದ ತಿಮ್ಮಕ್ಕನ ಮಾತೂ ಅದೇ ಆಗಿತ್ತು. ಮಾಗಡಿ ತಾಲೂಕಿನ ಹುಲಿಕಲ್-ಕುದೂರು ರಸ್ತೆಯಲ್ಲಿ ಆಕೆ, ಗಂಡ ಚಿಕ್ಕಯ್ಯ ಇಬ್ಬರೂ ಬೆಳೆಸಿದ 385 ಆಲದ ಮರಗಳಿಗೆ 2019ರಲ್ಲಿ ರಸ್ತೆ ಅಗಲೀಕರಣದ ಕುತ್ತು ಬಂತು. ಆಕೆ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಹತ್ತಿರ ಹೋದರು. ಬೇರೆ ದಾರಿ ಹುಡುಕಿ ಎಂದು ಅಧಿಕಾರಿಗಳಿಗೆ ಸೂಚನೆ ಹೋಯಿತು. 2025ರ ನವೆಂಬರ್ 14ರಂದು ತಿಮ್ಮಕ್ಕ ತೀರಿಕೊಂಡರು. ಆ ದಂಪತಿ ಹತ್ತಿರ ಯಾವ ಯಂತ್ರವೂ ಇರಲಿಲ್ಲ. ಇದ್ದದ್ದು ಕೊಡ. ಮೈಲಿಗಟ್ಟಲೆ ನೀರು ಹೊತ್ತದ್ದರಿಂದ ಆ ಸಸಿಗಳು ಬದುಕಿದವು.

ಹಾಗಾದರೆ ಯಂತ್ರ ಬೇಡವೇ?

ಬೇಡ ಎಂದಲ್ಲ. ಅದರ ಜಾಗದಲ್ಲಿ ಅದು ಬೇಕು. ರಸ್ತೆ ಬದಿ ನಾಲ್ಕೈದು ವರ್ಷದ ಹಿಂದೆ ನೆಟ್ಟು, ಈಗ ಒಂದು ಗೇಣು ಸುತ್ತಳತೆ ಆಗಿರುವ ಎಳೇ ಮರಗಳನ್ನು ಕಡಿದು ಹಾಕುವ ಬದಲು ಶಾಲೆ ಅಂಗಳಕ್ಕೋ ಆಸ್ಪತ್ರೆ ಆವರಣಕ್ಕೋ ಸಾಗಿಸಲು ಟ್ರ್ಯಾಕ್ಟರಿನ ಪಂಜ ಒಳ್ಳೇ ಸಾಧನ. ಆದರೆ ಹಳೇ ಬೇವು, ಹುಣಸೆ ಮುಂದೆ ನಿಂತು "ಇದನ್ನೂ ಸಾಗಿಸ್ತೀವಿ" ಎಂದು ಯಾರಾದರೂ ಹೇಳಿದರೆ ನಂಬುವ ಮುಂಚೆ ಗೇಣು ಹಾಕಿ ನೋಡಿ.

ಇನ್ನೊಂದು ಮಾತು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಹೋಗುವುದಿದ್ದರೆ ವೃಕ್ಷಾಧಿಕಾರಿ ಅದನ್ನು ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು ಎಂದು ಅದರಲ್ಲಿದೆ. ಗರಗಸ ಬಂದ ದಿನ ಕೂಗಾಡಿ ಪ್ರಯೋಜನವಿಲ್ಲ. ನೋಟೀಸು ಅಂಟಿಸಿದ ದಿನವೇ ಓದಬೇಕು, ಬರೆದು ಕೊಡಬೇಕು. ಬೋರ್ಡು ಕಾಣಲ್ಲ ಎಂದು ಕೊಂಬೆ ಕಡಿಸುವ ಅಂಗಡಿಯವರೂ ನಮ್ಮಲ್ಲೇ ಇದ್ದಾರೆ. ಅವರೂ ಸ್ವಲ್ಪ ಯೋಚಿಸಬೇಕು. ಮರ ಹೋದ ಮೇಲೆ ಬೋರ್ಡು ಚೆನ್ನಾಗಿ ಕಾಣುತ್ತದೆ, ಅದನ್ನು ನೋಡಲು ಬಿಸಿಲಲ್ಲಿ ಗಿರಾಕಿ ನಿಲ್ಲಬೇಕಲ್ಲ!

ಇಷ್ಟು ಮೀರಿ ಮರ ಸಾಗಿಸುವ ಕಾಲ ಬಂದರೆ, ಕೇಳಬೇಕಾದ ಪ್ರಶ್ನೆ ಯಂತ್ರದ ಬಾಡಿಗೆ ಎಷ್ಟು ಎಂಬುದಲ್ಲ. ನೀರಿನ ಪಾಳಿ ಯಾರದು? ಮೂರು ಇಂಚು ದಪ್ಪದ ಮರಕ್ಕೆ ಮೊದಲ ಎರಡು ವಾರ ದಿನಾ ಒಂದು ಕೊಡ, ಆಮೇಲೆ ಎರಡು-ಮೂರು ದಿನಕ್ಕೊಮ್ಮೆ ಎರಡು ಕೊಡ. ಮಳೆ ಇದ್ದರೆ ಬಿಡಿ. ಬೇಸಿಗೆಯಲ್ಲಿ ಮಾತ್ರ ತಪ್ಪಿಸಬಾರದು. ಬುಡಕ್ಕೆ ಭತ್ತದ ಹುಲ್ಲು ಹೊದಿಸಬೇಕು. ಗಾಳಿಗೆ ಅಲ್ಲಾಡದಂತೆ ಮೂರು ಗೂಟ ಕಟ್ಟಬೇಕು. ಹೀಗೆ ಎರಡು-ಮೂರು ಬೇಸಿಗೆ ದಾಟಿಸಿದರೆ ಆ ಮರ ಊರಿನದಾಗುತ್ತದೆ.

ನಾವು ಇಷ್ಟೆಲ್ಲಾ ವಿಚಾರಿಸಿಕೊಂಡು ಮತ್ತೆ ಅದೇ ಚಹಾದಂಗಡಿಗೆ ಹೋದಾಗ ಅಜ್ಜ ಅಲ್ಲೇ ಕೂತಿದ್ದರು. ಗೇಣಿನ ಲೆಕ್ಕ, ನೀರಿನ ಲೆಕ್ಕ ಎಲ್ಲಾ ಒಪ್ಪಿಸಿದೆವು. ಕೇಳಿಸಿಕೊಂಡು ಅಂದರು: "ಮಷೀನು ನಾಕು ಹೊತ್ತಿಗೆ ಹೋಕ್ಕೈತಿ. ಕೊಡ ಹೊರೋರ ಹೆಸರು ಮೊದ್ಲು ಬರ್ಕೊಳ್ಳಿ, ಆಮ್ಯಾಲೆ ಗಿಡ ಕೀಳ್ರಿ."

ಅಷ್ಟರಲ್ಲಿ ಸಿರುಗುಪ್ಪ ಬಸ್ಸು ಬಂತು. ನೆರಳಿನಲ್ಲಿ ನಿಂತಿದ್ದವರೆಲ್ಲಾ ಎದ್ದು ಓಡಿದರು.